ಪದಚರ್ಚೆ: ‘ಸ್ಪಾಟ್ ಕಲರ್’ ಅನ್ನು ‘ಬಿಡಿ ಬಣ್ಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ) ಕಲಿಯುವವರಿಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಪ್ರೆಸ್ಸಿಗೆ ಕಳಿಸುವ ಫೈಲ್ ಹೇಗಿರಬೇಕು ಅನ್ನುವುದೇ ಅದರ ವಿಷಯ. ‘ಸ್ಪಾಟ್ ಕಲರ್’ ಬಗ್ಗೆ ಬರೆಯುವಾಗ ಒಂದು ಪದದ ಪ್ರಶ್ನೆ ಎದ್ದಿದೆ. ನಿಮ್ಮ ಸಲಹೆ ಬೇಕು.

ಈ ಕೆಲಸ ಗೊತ್ತಿಲ್ಲದವರಿಗಾಗಿ ಮೊದಲು ವಿಷಯ ಹೇಳುತ್ತೇನೆ. ಫೋರ್ ಕಲರ್ ಮುದ್ರಣದಲ್ಲಿ ಸಯಾನ್ (ಒಂದು ಬಗೆಯ ನೀಲಿ), ಮೆಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು ಈ ನಾಲ್ಕೇ ಇಂಕು. ಹಸಿರು ಬೇಕಾದರೆ ಸಯಾನ್ ಚುಕ್ಕೆಗಳೂ ಹಳದಿ ಚುಕ್ಕೆಗಳೂ ಒತ್ತೊತ್ತಾಗಿ ಬೀಳುತ್ತವೆ. ಕಣ್ಣಿಗೆ ಅದು ಹಸಿರಾಗಿ ಕಾಣುತ್ತದೆ. ಸ್ಪಾಟ್ ಕಲರ್ ಹಾಗಲ್ಲ. ಅಲ್ಲಿ ಹಸಿರು ಇಂಕನ್ನೇ ಮೊದಲು ಕಲಸಿಟ್ಟುಕೊಂಡು, ಅದಕ್ಕೆಂದೇ ಒಂದು ಪ್ಲೇಟ್ (ಅಚ್ಚಿನ ತಗಡು) ಮಾಡಿ ಒತ್ತುತ್ತಾರೆ. ಲೆಟರ್‌ಹೆಡ್, ಬಿಲ್ ಪುಸ್ತಕ, ಎರಡು ಬಣ್ಣದ ಲಗ್ನಪತ್ರಿಕೆಗಳಲ್ಲಿ ಇದು ಜಾಸ್ತಿ. ಚಿನ್ನದ ಬಣ್ಣ, ಬೆಳ್ಳಿ ಬಣ್ಣಗಳ ಹೊಳಪು ಆ ನಾಲ್ಕು ಇಂಕುಗಳಿಂದ ಬರುವುದೇ ಇಲ್ಲ. ಅವಕ್ಕೂ ಇದೇ ದಾರಿ.

ಈಗ ಪದಕ್ಕೆ ಬರೋಣ. ‘ಸ್ಪಾಟ್’ ಅಂದರೆ ಚುಕ್ಕೆ, ಕಲೆ, ಜಾಗ ಅಂತೆಲ್ಲ ಅರ್ಥ ಇದೆ. ಹಾಗಂತ ‘ಚುಕ್ಕೆ ಬಣ್ಣ’ ಅಂದರೆ ಅರ್ಥವೇ ತಲೆಕೆಳಗಾಗುತ್ತದೆ. ಚುಕ್ಕೆಗಳನ್ನು ಸೇರಿಸಿ ಬಣ್ಣ ಕಾಣಿಸುವುದು ಫೋರ್ ಕಲರ್ ಕೆಲಸವೇ ಅಲ್ವಾ? ಸ್ಪಾಟ್ ಇಂಕು ಪೂರ್ತಿ ಬಿದ್ದ ಕಡೆ ಚುಕ್ಕೆಯೇ ಇರುವುದಿಲ್ಲ. (ಅದೇ ಬಣ್ಣವನ್ನು, ಉದಾಹರಣೆಗೆ 40 ಪರ್ಸೆಂಟಿಗೆ, ತಿಳಿಯಾಗಿಸಿದಾಗ ಮಾತ್ರ ಚುಕ್ಕೆ ಬರುತ್ತದೆ.) ‘ಚುಕ್ಕೆ ಬಣ್ಣ’ ಅಂತ ಕಲಿತ ಹುಡುಗಿ ಭೂತಗನ್ನಡಿಯಲ್ಲಿ ಅಚ್ಚನ್ನು ನೋಡಿದರೆ ಗೊಂದಲಕ್ಕೆ ಬೀಳುತ್ತಾಳೆ.

ಪ್ರೆಸ್‌ಗಳಲ್ಲಿ ‘ಸ್ಪೆಷಲ್ ಕಲರ್’ ಅನ್ನುವ ಮಾತೂ ಇದೆ. ಅದನ್ನು ‘ವಿಶೇಷ ಬಣ್ಣ’ ಮಾಡಿದರೆ ದುಬಾರಿ ಬಣ್ಣ ಅನ್ನುವ ಭಾವನೆ ಬರುತ್ತದೆ. ಎರಡು ಸ್ಪಾಟ್ ಬಣ್ಣದ ಕೆಲಸಕ್ಕೆ ಎರಡೇ ಪ್ಲೇಟ್ ಸಾಕು, ಫೋರ್ ಕಲರಿಗೆ ನಾಲ್ಕು ಬೇಕು. ಎಷ್ಟೋ ಸಲ ಖರ್ಚು ಉಳಿಸಲೆಂದೇ ಸ್ಪಾಟ್ ಬಣ್ಣ ಬಳಸುತ್ತಾರೆ. ಇನ್ನು ಕೆಲವರು ಸುಮ್ನೆ ‘ಪ್ಯಾಂಟೋನ್’ ಅನ್ನುತ್ತಾರೆ. ಅದು ಒಂದು ಕಂಪನಿಯ ಹೆಸರು. 1963ರಲ್ಲಿ ಅವರು ಬಣ್ಣಗಳಿಗೆ ನಂಬರು ಕೊಡುವ ಕ್ರಮ ತಂದರು, ಅದು ಎಲ್ಲೆಡೆ ಹಬ್ಬಿತು. ಆದರೆ ಆ ನಂಬರು ಇಲ್ಲದೆಯೂ ಪ್ರೆಸ್ಸಿನವರು ಇಂಕು ಕಲಸುತ್ತಾರೆ. ಹಾಗಾಗಿ ಅದನ್ನೇ ಸಾಮಾನ್ಯ ಹೆಸರಾಗಿ ಕಲಿಸಲು ನನಗೆ ಒಪ್ಪಿಗೆಯಿಲ್ಲ. ‘ಒಂಟಿ ಬಣ್ಣ’ ಅಂದರೆ ಸಿಂಗಲ್ ಕಲರ್ ಕೆಲಸ ಅಂತ ಅರ್ಥವಾಗಿಬಿಡುತ್ತದೆ.

ನನಗೆ ಹೊಳೆದಿದ್ದು ‘ಬಿಡಿ ಬಣ್ಣ’. ಬಿಡಿ ಹೂವು, ಬಿಡಿ ಭಾಗ ಅನ್ನುತ್ತೇವಲ್ಲ, ಹಾಗೆ. ಬೇರೆಯದರ ಜೊತೆ ಸೇರದೆ ತಾನೇ ನಿಲ್ಲುವ ಬಣ್ಣ, ತನ್ನದೇ ಪ್ಲೇಟ್ ಇರುವ ಬಣ್ಣ. ನಾಲ್ಕು ಇಂಕು ಕೂಡಿ ಆಗುವುದನ್ನು ‘ಕೂಡು ಬಣ್ಣ’ ಅನ್ನಬಹುದು. ಜೋಡಿ ಚೆನ್ನಾಗಿ ಕೂರುತ್ತದೆ. ಒಂದು ಅನುಮಾನವೂ ಇದೆ. ‘ಬಿಡಿ’ ಅಂದರೆ ಅಂಗಡಿಯಲ್ಲಿ ಚಿಲ್ಲರೆಯಾಗಿ ಮಾರುವುದು ಅನ್ನುವ ಅರ್ಥವೂ ಇದೆಯಲ್ಲ. ಪೊಟ್ಟಣ ಕಟ್ಟದ ಹೋಳಿ ಬಣ್ಣ ಅಂತ ಯಾರಾದರೂ ತಿಳಿದುಕೊಂಡಾರೇ?

ಕೈಪಿಡಿಯ ಒಂದೆರಡು ವಾಕ್ಯ ಕೊಡುತ್ತೇನೆ, ಓದಿ ನೋಡಿ. “ಫೈಲಿನಲ್ಲಿ ಎಷ್ಟು ಬಿಡಿ ಬಣ್ಣಗಳಿವೆಯೋ ಅಷ್ಟು ಪ್ಲೇಟ್ ಆಗುತ್ತವೆ. ಒಂದೇ ಕೆಂಪಿಗೆ ಒಂದು ಕಡೆ ಪ್ಯಾಂಟೋನ್ 185 ಸಿ, ಇನ್ನೊಂದು ಕಡೆ ಪ್ಯಾಂಟೋನ್ 185 ಯು ಅಂತ ಹೆಸರಿದ್ದರೆ ಎರಡು ಪ್ಲೇಟ್ ಬರುತ್ತವೆ.” ಇಲ್ಲಿ ಸಿ ಅಂದರೆ ನುಣುಪು ಲೇಪನದ ಕಾಗದ, ಯು ಅಂದರೆ ಲೇಪನವಿಲ್ಲದ ಕಾಗದ. ಇಂಕು ಒಂದೇ, ಕಾಗದದ ಮೇಲೆ ಕಾಣುವ ರೀತಿ ಬೇರೆ. ಫೈಲ್ ಕಳಿಸುವ ಮೊದಲು ಸೆಪರೇಷನ್ ಪ್ರಿವ್ಯೂ (ಒಂದೊಂದು ಪ್ಲೇಟನ್ನೂ ಬೇರೆಬೇರೆಯಾಗಿ ತೋರಿಸುವ ನೋಟ) ತೆರೆದು ಪ್ಲೇಟ್‌ಗಳನ್ನು ಎಣಿಸಿದರೆ ಇಂಥದ್ದು ಸಿಕ್ಕಿಬೀಳುತ್ತದೆ. ಈ ವಾಕ್ಯಗಳಲ್ಲಿ ‘ಬಿಡಿ ಬಣ್ಣ’ ಸಲೀಸಾಗಿ ಓದಿಸಿಕೊಳ್ಳುತ್ತದೆಯೇ?

ಇದರ ಜೊತೆಗೇ ಬರುವ ಇನ್ನೆರಡು ಪದಗಳಿವೆ, ಓವರ್‌ಪ್ರಿಂಟ್ ಮತ್ತು ನಾಕೌಟ್. ರಾಜ್ಯೋತ್ಸವದ ಕರಪತ್ರ ಇದೆ ಅಂದುಕೊಳ್ಳಿ. ಹಳದಿ ನೆಲ, ಕೆಂಪು ಅಕ್ಷರ, ಎರಡೂ ಬಿಡಿ ಬಣ್ಣ. ಹಳದಿಯ ಮೇಲೆಯೇ ಕೆಂಪನ್ನು ಒತ್ತಿದರೆ ಓವರ್‌ಪ್ರಿಂಟ್. ಹಳದಿಯಲ್ಲಿ ಅಕ್ಷರದ ಆಕಾರಕ್ಕೆ ಜಾಗ ಬಿಟ್ಟು, ಆ ಜಾಗದಲ್ಲಿ ಕೆಂಪು ಕೂರಿಸಿದರೆ ನಾಕೌಟ್. ಜಾಗ ಬಿಟ್ಟಾಗ ಕಾಗದ ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಪಕ್ಕ ಬಿಳಿ ಗೆರೆ ಇಣುಕುತ್ತದೆ. ಕನ್ನಡಕ್ಕೆ ಇದರ ಕಾಟ ಜಾಸ್ತಿ. ನಮ್ಮ ಒತ್ತಕ್ಷರಗಳು ಚಿಕ್ಕವು, ಸುರುಳಿಗಳ ಒಳಗಿನ ಜಾಗ ಕಿರಿದು. ‘ಷ್ಟ್ರ’ದಂಥ ಅಕ್ಷರದಲ್ಲಿ ಬಣ್ಣ ಸ್ವಲ್ಪ ಸರಿದರೂ ಓದುವುದೇ ಕಷ್ಟ. ಅದಕ್ಕೇ ಸಣ್ಣ ಅಕ್ಷರವನ್ನು ಯಾವಾಗಲೂ ಒಂದೇ ಇಂಕಿನಲ್ಲಿ ಇಡಿ, ತಿಳಿ ನೆಲದ ಮೇಲಿದ್ದರೆ ಓವರ್‌ಪ್ರಿಂಟ್ ಮಾಡಿ ಅಂತ ಬರೆದಿದ್ದೇನೆ. ಆಫ್‌ಸೆಟ್ ಇಂಕಿನಲ್ಲಿ ಕೆಳಗಿನ ಬಣ್ಣ ಮೇಲಿನ ಬಣ್ಣದ ಮೂಲಕ ಸ್ವಲ್ಪ ಕಾಣುತ್ತದೆ. ಕೆಂಪು ಕೊಂಚ ಬದಲಾಗುತ್ತದೆ, ಆದರೆ ಹಳದಿಯ ಮೇಲೆ ಅದು ಕೆಡುವುದಿಲ್ಲ. ಓವರ್‌ಪ್ರಿಂಟಿಗೆ ‘ಮೇಲೊತ್ತು’ ಸರಿ ಅನಿಸಿದೆ. ನಾಕೌಟಿಗೆ ‘ಜಾಗ ಬಿಡು’ ಅನ್ನಲೇ, ‘ಕೊರೆ’ ಅನ್ನಲೇ?

‘ರಿಜಿಸ್ಟ್ರೇಷನ್’ ಕೂಡ ತೊಡಕಿನದೇ. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಕ್ಕೆ ಆ ಹೆಸರಿದೆ. ಅದಕ್ಕೆ ‘ಹೊಂದಿಕೆ’ ಸಾಕು. ಆದರೆ ಸಾಫ್ಟ್‌ವೇರಿನಲ್ಲಿ ಅದೇ ಹೆಸರಿನ ಒಂದು ಬಣ್ಣವೂ ಇದೆ. ನೋಡಲು ಕಪ್ಪು, ಬೀಳುವುದು ಎಲ್ಲ ಪ್ಲೇಟ್‌ಗಳ ಮೇಲೆ. ಕತ್ತರಿಸುವ ಗುರುತಿನಂಥವಕ್ಕೆ ಮಾತ್ರ ಅದನ್ನು ಬಳಸಬೇಕು, ಅಕ್ಷರಕ್ಕೆ ಬಳಸಲೇಬಾರದು. ಇದಕ್ಕೆ ಬೇರೆಯೇ ಹೆಸರು ಬೇಕು.

‘ಇಂಕು’ ಬದಲು ‘ಮಸಿ’ ಅಥವಾ ‘ಶಾಯಿ’ ಬಳಸಿ ಅಂತ ಸ್ನೇಹಿತರೊಬ್ಬರು ಹೇಳಿದರು. ಎರಡೂ ಮೂಲದಲ್ಲಿ ಕಪ್ಪನ್ನೇ ಹೇಳುವ ಪದಗಳು. ಆದರೂ ‘ಕೆಂಪು ಶಾಯಿ’ ರೂಢಿಯಲ್ಲಿದೆ, ‘ಕೆಂಪು ಮಸಿ’ ಅಷ್ಟಾಗಿ ಕೇಳಿಲ್ಲ. ಪ್ರೆಸ್ಸಿನಲ್ಲಿ ಇಂಕು ಅಂತಲೇ ಅನ್ನುವುದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ.

ಕೊನೆಗೆ ಒಂದು ಮುಖ್ಯ ಪ್ರಶ್ನೆ, ಹಳೆಯ ಪ್ರೆಸ್ ನೋಡಿದವರಿಗೆ. ಅಚ್ಚಿನ ಮೊಳೆ ಜೋಡಿಸಿ ಟ್ರೆಡಲ್ ಯಂತ್ರದಲ್ಲಿ ಒತ್ತುತ್ತಿದ್ದಾಗ ಎರಡು ಬಣ್ಣದ ಕೆಲಸಕ್ಕೆ ರೋಲರ್ ತೊಳೆದು, ಇನ್ನೊಂದು ಇಂಕು ಹಾಕಿ, ಅದೇ ಕಾಗದವನ್ನು ಮತ್ತೆ ಓಡಿಸುತ್ತಿದ್ದರು. ಆಗ ಆ ಎರಡನೆಯ ಬಣ್ಣಕ್ಕೆ, ಬಣ್ಣ ಸರಿದು ಕೂತರೆ ಅದಕ್ಕೆ, ಕೆಲಸಗಾರರು ಕನ್ನಡದಲ್ಲಿ ಏನನ್ನುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ. ಅಂಥ ಪದ ಸಿಕ್ಕರೆ ‘ಬಿಡಿ ಬಣ್ಣ’ವನ್ನು ಬಿಟ್ಟು ಅದನ್ನೇ ಕೈಪಿಡಿಗೆ ಹಾಕುತ್ತೇನೆ.