ಅಪ್‌ಡೇಟ್: ಅಪ್ಪನ ಓಸಿ ಚಟ, ಮಾತ್ರೆ ಬದಲಾದ ಮೇಲೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ಪಾರ್ಕಿನ್ಸನ್ ಇರುವ ಅಪ್ಪ, ಜನ್ಮದಲ್ಲಿ ಇಸ್ಪೀಟು ಮುಟ್ಟದವರು, ಅಡಿಕೆ ದುಡ್ಡನ್ನೆಲ್ಲ ಓಸಿ ಅನ್ನುವ ನಂಬರ್ ಜೂಜಿಗೆ ಸುರಿಯುತ್ತಿದ್ದಾರೆ, ಏನು ಮಾಡಲಿ ಅಂತ. 'ಮಾತ್ರೆ ಬಗ್ಗೆ ವಿಚಾರಿಸಿ' ಅಂದವರಿಗೆಲ್ಲ ಕೈ ಮುಗಿಯುತ್ತೇನೆ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ನರರೋಗ ವೈದ್ಯರಿಗೆ ತೋರಿಸಿದೆವು. ಕಾರಣ, ಅಪ್ಪ ಪಾರ್ಕಿನ್ಸನ್‌ಗೆ ತೆಗೆದುಕೊಳ್ಳುತ್ತಿದ್ದ ಪ್ರಮಿಪೆಕ್ಸೋಲ್ ಮಾತ್ರೆ. ಮೆದುಳಲ್ಲಿ ಕಡಿಮೆಯಾದ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನು ಈ ಮಾತ್ರೆ ಮಾಡುತ್ತದೆ. ಆದರೆ ಕೈಕಾಲು ಆಡಿಸುವ ಭಾಗಕ್ಕೆ ಮಾತ್ರ ಅಲ್ಲ, 'ಇನ್ನೂ ಬೇಕು' ಅನ್ನಿಸುವ ಭಾಗಕ್ಕೂ ತಾಗುತ್ತದೆ. 2010ರಲ್ಲಿ ಪ್ರಕಟವಾದ 3,090 ರೋಗಿಗಳ ಅಧ್ಯಯನದಲ್ಲಿ, ಈ ಬಗೆಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶೇ. 17ರಷ್ಟು ಜನರಿಗೆ ಇಂಥ ತೊಂದರೆ ಇತ್ತು. ಜೂಜು, ಖರೀದಿ, ಅತಿಯಾದ ತಿನ್ನುವಿಕೆ, ಕಾಮ. ತೆಗೆದುಕೊಳ್ಳದವರಲ್ಲಿ ಸುಮಾರು ಶೇ. 7.

ದಯವಿಟ್ಟು ಯಾರೂ ಸುಮ್ನೆ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ. ವೈದ್ಯರು ವಾರವಾರ ಸ್ವಲ್ಪಸ್ವಲ್ಪ ಇಳಿಸಿ, ಪಾರ್ಕಿನ್ಸನ್‌ನ ಇನ್ನೊಂದು ಮಾತ್ರೆ ಲೆವೊಡೋಪಾವನ್ನು ಹೆಚ್ಚಿಸಿದರು. ನಡುಕ ಸ್ವಲ್ಪ ಜಾಸ್ತಿಯಾಗಿದೆ, ನಿಜ.

ಮೊನ್ನೆ ಅಪ್ಪ ಅಂಗಿ ಜೇಬಿನಿಂದ ಅಡಿಕೆ ಮಂಡಿಯ ಚೀಟಿಯೊಂದನ್ನು ತೆಗೆದರು. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಓಸಿ ನಂಬರುಗಳು. ಕಾಯಿಲೆಗೆ ಅವರ ಅಕ್ಷರ ಅಷ್ಟು ಚಿಕ್ಕದಾಗಿದೆ. 'ಬಚ್ಚಲೊಲೆಗೆ ಹಾಕು' ಅಂದರು. ಅಮ್ಮನೇ ಹಾಕಿದರು. ಎಟಿಎಂ ಕಾರ್ಡ್ ಮಾತ್ರ 'ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ' ಅಂತ ಅಪ್ಪ ನನಗೆ ಅಂದಿದ್ದಾರೆ.