ಸಹಾಯ ಬೇಕು: ಆಲೂಗಡ್ಡೆ ಎಲೆಯ ವೈರಸ್ ಪರೀಕ್ಷೆ ಎಲ್ಲಿ ಮಾಡಿಸಬಹುದು?

ಎಲ್ಲರಿಗೂ ನಮಸ್ಕಾರ. ನಾವು ತಾಳವಾಡಿ ಕಡೆಯ ಆಲೂಗಡ್ಡೆ ಬೆಳೆಗಾರರು. ಈ ಸಲ ಕೆಲವು ಗಿಡಗಳ ಕೆಳಗಿನ ಎಲೆ ಮೇಲ್ಮುಖವಾಗಿ ಸುರುಳಿಕೊಂಡಿದೆ. ಮುಟ್ಟಿದರೆ ಹಪ್ಪಳದ ಹಾಗೆ ಗರಗರ ಅನ್ನುತ್ತೆ. ಎಲೆ ಸುರುಳಿ ವೈರಸ್ ಅಂತ ಅನುಮಾನ. ಅದು ಸಸ್ಯಹೇನಿನಿಂದ ಹರಡುತ್ತೆ, ಬಿತ್ತನೆ ಗಡ್ಡೆಯಲ್ಲೂ ಬರುತ್ತೆ.

ಇದನ್ನು ನೋಡಿದ ಒಬ್ಬ ದಲ್ಲಾಳಿ, "ಜಿಎಂ ಬೀಜ ತಗೊಳ್ಳಿ ಅಣ್ಣಾ, ವೈರಸ್ ಹತ್ರಾನೂ ಸುಳಿಯಲ್ಲ" ಅಂತ ಬೆನ್ನು ಬಿದ್ದಿದ್ದಾನೆ. ನಮ್ಮ ದೇಶದಲ್ಲಿ ಜಿಎಂ, ಅಂದರೆ ಕುಲಾಂತರಿ ಆಲೂಗಡ್ಡೆ ಬೆಳೆಯಲು ಅನುಮತಿಯೇ ಇಲ್ಲ, ಇವನಿಗೆ ಎಲ್ಲಿ ಸಿಕ್ಕಿತೋ! ಹೊರದೇಶದಲ್ಲಿ ಇರೋದು ನಿಜ. ಅರ್ಜೆಂಟೀನಾ 2018ರಲ್ಲಿ ಆಲೂಗಡ್ಡೆಗೆ ಬರುವ 'ವೈ' (ಪಿವಿವೈ) ಅನ್ನೋ ವೈರಸ್ ತಡೆಯುವ ಜಿಎಂ ತಳಿಗೆ ಒಪ್ಪಿಗೆ ಕೊಟ್ಟಿತು. ಆದರೆ ವೈ ವೈರಸ್ಸೇ ಬೇರೆ, ಎಲೆ ಸುರುಳಿಯೇ ಬೇರೆ. ಒಂದನ್ನು ತಡೆದರೆ ಇನ್ನೊಂದನ್ನೂ ತಡೆಯಬೇಕೆಂದಿಲ್ಲ ಅಲ್ವಾ? ಜಿಎಂ ಗಿಡ ನಿಜಕ್ಕೂ ವೈರಸ್ ತಡೆಯುತ್ತಾ ಅಂತ ಸರಿಯಾಗಿ ಪರೀಕ್ಷೆ ಮಾಡುವವರು ಅದೇ ತಳಿಯ ಮಾಮೂಲಿ ಗಿಡವನ್ನೂ ಪಕ್ಕದಲ್ಲೇ ಬೆಳೆಸಿ, ಎರಡಕ್ಕೂ ಸೋಂಕು ತಗಲಿಸಿ, ಎಲೆಯ ರಸವನ್ನು ಎಲೈಸಾ ಅನ್ನೋ ವೈರಸ್ ಪತ್ತೆ ಪರೀಕ್ಷೆಯಲ್ಲಿ ನೋಡುತ್ತಾರೆ. ಗಿಡ ಹಸಿರಾಗಿದ್ದರೂ ಒಳಗೆ ವೈರಸ್ ಇರಬಹುದು. ಅದಕ್ಕೇ ಆ ಗಡ್ಡೆಯನ್ನು ಮತ್ತೆ ಬಿತ್ತಿಯೂ ನೋಡುತ್ತಾರೆ. ಇವನ ಹತ್ತಿರ ಇರೋದು ಮೊಬೈಲಿನ ಫೋಟೊ ಅಷ್ಟೆ.

ಈಗ ನನಗೆ ಬೇಕಿರುವುದು ಇಷ್ಟು. ಊಟಿಯ ಆಲೂಗಡ್ಡೆ ಸಂಶೋಧನಾ ಕೇಂದ್ರದಲ್ಲಿ ರೈತರು ತಂದ ಎಲೆ ಪರೀಕ್ಷೆ ಮಾಡಿಕೊಡುತ್ತಾರಾ? ಮೈಸೂರು, ಚಾಮರಾಜನಗರ ಕಡೆ ಲ್ಯಾಬ್ ಇದ್ದರೆ ಇನ್ನೂ ಹತ್ತಿರ. ಯಾವ ಎಲೆ ಕೀಳಬೇಕು, ಬಾಡದ ಹಾಗೆ ಹೇಗೆ ಒಯ್ಯಬೇಕು? ಖರ್ಚು ಎಷ್ಟಾಗಬಹುದು? ಮಾಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಕುಫ್ರಿ ಜ್ಯೋತಿ ತಳಿಯ ನಂಬಿಕಸ್ಥ ಬಿತ್ತನೆ ಗಡ್ಡೆ ಎಲ್ಲಿ ಸಿಗುತ್ತೆ ಅಂತಲೂ ಹೇಳಿ.