ಬೀಟಾ ಟೈಟಾನಿಯಂ: ಲೆಕ್ಕದಲ್ಲಿ ಅಸ್ಥಿರ, ಮೂಳೆಗೆ ಹಿತ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಗದಗ): ನಮಸ್ಕಾರ ಮೇಡಂ. ಮೂಳೆಯೊಳಗೆ ಕೂರಿಸುವ ಟೈಟಾನಿಯಂ–ನಯೋಬಿಯಂ ಮಿಶ್ರಲೋಹದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೊದಲು ಶುದ್ಧ ಟೈಟಾನಿಯಂನ ಬೀಟಾ ರೂಪದ (ಘನದ ಮೂಲೆಗಳಲ್ಲೂ ನಡುವೆಯೂ ಪರಮಾಣು ಕೂತ ಹರಳಿನ) ಫೋನಾನ್ ಲೆಕ್ಕ, ಅಂದರೆ ಪರಮಾಣು ಕಂಪನದ ಲೆಕ್ಕ, ಹಾಕಿದರೆ ಆವರ್ತನಗಳು ಕಾಲ್ಪನಿಕ ಸಂಖ್ಯೆಗಳಾಗಿ, ಹರಳು ಅಸ್ಥಿರ ಎಂಬಂತೆ ಬರುತ್ತಿವೆ. ಎಲ್ಲಿ ತಪ್ಪಿದ್ದೇನೆ?

ಉತ್ತರ (ಲೋಹವಿಜ್ಞಾನ ಸಂಶೋಧಕಿ, ಧಾರವಾಡ): ತಪ್ಪಿಲ್ಲಮ್ಮ, ಹಾಗೆಯೇ ಬರಬೇಕು. ನಿಮ್ಮ ಡಿಎಫ್‌ಟಿ ಲೆಕ್ಕ (ಎಲೆಕ್ಟ್ರಾನ್ ಸಾಂದ್ರತೆಯಿಂದ ಶಕ್ತಿ ಕಂಡುಹಿಡಿಯುವ ವಿಧಾನ) ಸೊನ್ನೆ ಕೆಲ್ವಿನ್‌ನದು, ಅಂದರೆ ಶಾಖವೇ ಇಲ್ಲದ ಸ್ಥಿತಿಯದು. ಶುದ್ಧ ಟೈಟಾನಿಯಂ 882 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಬೀಟಾ ಆಗುತ್ತದೆ. ಅಲ್ಲಿ ಅದನ್ನು ಹಿಡಿದಿಡುವುದು ಪರಮಾಣುಗಳ ಕಂಪನ. ಆ ಶಾಖವಿಲ್ಲದೆ ಅದನ್ನು ಉಳಿಸಿಕೊಳ್ಳಲೆಂದೇ ನಯೋಬಿಯಂ ಬೆರೆಸುತ್ತೇವೆ. ಟೈಟಾನಿಯಂಗೆ 4 ವೇಲೆನ್ಸ್ (ಬಂಧಕ್ಕೆ ಒದಗುವ) ಎಲೆಕ್ಟ್ರಾನ್, ನಯೋಬಿಯಂಗೆ 5. ನೂರು ಪರಮಾಣುಗಳಲ್ಲಿ 25 ನಯೋಬಿಯಂ ಇದ್ದರೆ ಸರಾಸರಿ 4.25. ಈ ಆಸುಪಾಸಿನಲ್ಲಿ ಬೀಟಾ ನಿಲ್ಲುವುದೋ ಬೀಳುವುದೋ ಎಂಬ ಅಂಚಿನಲ್ಲಿರುತ್ತದೆ. ನಮಗೆ ಬೇಕಾದದ್ದೂ ಆ ಅಂಚೇ. ಹರಳಿನ ಬಿಗಿತವನ್ನು ಅಳೆಯುವ ಸಿ11, ಸಿ12 ಎಂಬ ಸ್ಥಿರಾಂಕಗಳಲ್ಲಿ ಸಿ11ರಿಂದ ಸಿ12 ಕಳೆದಾಗ ಉಳಿಯುವುದು ಧನಾತ್ಮಕವಾಗಿದ್ದರೆ ಹರಳು ನಿಲ್ಲುತ್ತದೆ. ಅದು ಸೊನ್ನೆಗೆ ಹತ್ತಿರವಾದಷ್ಟೂ ಲೋಹ ಹೆಚ್ಚು ಬಾಗುತ್ತದೆ.

ಬಾಗುವಿಕೆ ಏಕೆ ಮುಖ್ಯವೆಂದರೆ, ಈಗ ಹೆಚ್ಚು ಬಳಕೆಯಲ್ಲಿರುವ ಟೈಟಾನಿಯಂ–6 ಅಲ್ಯುಮಿನಿಯಂ–4 ವೆನೇಡಿಯಂ ಮಿಶ್ರಲೋಹದ ಸ್ಥಿತಿಸ್ಥಾಪಕ ಗುಣಾಂಕ (ಬಾಗದೆ ಬಿಗಿಯಾಗಿ ನಿಲ್ಲುವ ಅಳತೆ) ಸುಮಾರು 110 ಗಿಗಾಪಾಸ್ಕಲ್, ಗಟ್ಟಿ ಮೂಳೆಯದು 10ರಿಂದ 30. ಭಾರವನ್ನೆಲ್ಲ ಲೋಹವೇ ಹೊತ್ತರೆ, ಕೆಲಸವಿಲ್ಲದ ಮೂಳೆ ಸವೆಯುತ್ತದೆ, ಕೂರಿಸಿದ ಕೃತಕ ಕೀಲು ಸಡಿಲಾಗುತ್ತದೆ. ನಡೆದಾಡಲೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತೆ ಅದೇ ಮೇಜಿನ ಮೇಲೆ ಮಲಗಬಾರದು.

ಹಾಗೆಂದು ಅತಿ ಕಡಿಮೆ ಗುಣಾಂಕವನ್ನಷ್ಟೇ ಬೆನ್ನಟ್ಟಬೇಡಿ. ಬೀಟಾ ಜೊತೆಗೆ ಆಲ್ಫಾ, ಆಲ್ಫಾ ಡಬಲ್ ಪ್ರೈಮ್, ಒಮೇಗಾ ಎಂಬ ಬೇರೆ ಹರಳು ರೂಪಗಳ ಶಕ್ತಿಯನ್ನೂ ಹೋಲಿಸಿ. ಒಮೇಗಾ ಕಣಗಳು ಹುಟ್ಟಿದರೆ ಲೋಹ ಪೆಡಸಾಗಿ ಬಿರಿಯುತ್ತದೆ. ನಯೋಬಿಯಂ ಪರಮಾಣುಗಳನ್ನು ಒಂದೇ ಕ್ರಮದಲ್ಲಿಟ್ಟು ತೀರ್ಮಾನಕ್ಕೆ ಬರುವುದನ್ನು ನಾನು ಒಪ್ಪುವುದಿಲ್ಲ. ನಿಜ ಲೋಹದಲ್ಲಿ ಅವು ಚದುರಿರುತ್ತವೆ. ಆ ಚದುರುವಿಕೆಯನ್ನು ಅನುಕರಿಸುವ ಎಸ್‌ಕ್ಯೂಎಸ್ ವಿಧಾನದಿಂದ ಹರಳಿನ ದೊಡ್ಡ ಕೋಶ ಕಟ್ಟಿ. ಉಚಿತವಾಗಿ ಸಿಗುವ ಕ್ವಾಂಟಮ್ ಎಸ್ಪ್ರೆಸೊ ತಂತ್ರಾಂಶ ಸಾಕು.

ಪ್ರಶ್ನೆ (ವರ್ಕ್‌ಶಾಪ್ ಮಾಲೀಕರು, ಗೋಕುಲ ರಸ್ತೆ, ಹುಬ್ಬಳ್ಳಿ): ಮೇಡಂ, ಇದರ ಒಂದು ಸಣ್ಣ ತುಂಡನ್ನು ನಮ್ಮಲ್ಲೇ ಕರಗಿಸಿ ಕೊಡಬಹುದೇ?

ಉತ್ತರ: ಸಾಮಾನ್ಯ ಕುಲುಮೆಯಲ್ಲಿ ಆಗದು ಸರ್. ಬಿಸಿ ಟೈಟಾನಿಯಂ ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುತ್ತದೆ. ಆರ್ಗಾನ್ ಅನಿಲ ತುಂಬಿದ, ವಿದ್ಯುತ್ ಚಾಪದಿಂದ ಕರಗಿಸುವ ಆರ್ಕ್ ಕುಲುಮೆ ಬೇಕು. ಟೈಟಾನಿಯಂ 1668 ಡಿಗ್ರಿಗೆ ಕರಗಿದರೆ ನಯೋಬಿಯಂ ಸುಮಾರು 2477ಕ್ಕೆ, ಹಾಗಾಗಿ ತಿರುವಿ ತಿರುವಿ ಹಲವು ಸಲ ಕರಗಿಸಬೇಕು. ತೂಗುವಾಗ ಎಚ್ಚರ: ಪರಮಾಣು ಲೆಕ್ಕದ ಶೇ. 25 ನಯೋಬಿಯಂ ಎಂದರೆ ತೂಕದಲ್ಲಿ ಸುಮಾರು ಶೇ. 39. ತುಂಡನ್ನು ಬೀಟಾ ತಾಪದಿಂದ ನೇರ ನೀರಿಗೆ ಅದ್ದಿ ತಣಿಸಿ, ಎಕ್ಸ್-ರೇ ವಿವರ್ತನೆಯಲ್ಲಿ (ಹರಳಿನ ಜೋಡಣೆ ತೋರಿಸುವ ಪರೀಕ್ಷೆಯಲ್ಲಿ) ಯಾವ ರೂಪ ಉಳಿಯಿತೆಂದು ನೋಡಿದ ಮೇಲೆಯೇ ಆ ವಿದ್ಯಾರ್ಥಿನಿಯ ಲೆಕ್ಕದ ಪಕ್ಕ ಅದನ್ನು ಇಡಬಹುದು.